ಪೇಟೆಯ ಪಾರ್ಕಿಂಗ್ ದರ: ಬೆಳಗಾವಿಗೆ ಯಾವ ಲೆಕ್ಕ ಸರಿ?

ಅನಗೋಳದ ನಿವಾಸಿ (ಚರ್ಚೆ ಶುರು ಮಾಡಿದವರು)

ಪೇಟೆಯ ಪಾರ್ಕಿಂಗ್ ದರದ ಬಗ್ಗೆ ಇಲ್ಲಿ ಒಂದು ಸರಿಯಾದ ಚರ್ಚೆ ಆಗಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿದೆ. ದರ ಜಾಸ್ತಿ ಅಂತ ಬೈಯುವವರು ಇದ್ದಾರೆ. ಜಾಗವೇ ಇಲ್ಲ ಅಂತ ಬೈಯುವವರೂ ಇದ್ದಾರೆ. ನನಗೆ ಕಾಣುವ ತೊಂದರೆ ಬೇರೆ. ನಮ್ಮ ಪೇಟೆಯಲ್ಲಿ ದರ ತಲೆಕೆಳಗಾಗಿದೆ.

ಗಣಪತಿ ಗಲ್ಲಿ, ಮಾರುತಿ ಗಲ್ಲಿ, ಖಡೇಬಜಾರ್, ರಾಮದೇವ ಗಲ್ಲಿ ನೋಡಿ. ಅಂಗಡಿ ಬಾಗಿಲ ಎದುರಿನ ಜಾಗ ಊರಿನಲ್ಲೇ ಎಲ್ಲರಿಗೂ ಬೇಕಾದ ಜಾಗ. ಅಲ್ಲಿ ಗಾಡಿ ಹಚ್ಚಿದರೆ ದುಡ್ಡಿಲ್ಲ. ಅಲ್ಲಿಂದ ಐದು ನಿಮಿಷ ನಡೆಯಬೇಕಾದ ಪಾರ್ಕಿಂಗ್ ಮೈದಾನದಲ್ಲಿ ಹಚ್ಚಿದರೆ ದುಡ್ಡು. ಮಳೆಗಾಲದಲ್ಲಿ ಅಲ್ಲಿ ಕೆಸರು ಬೇರೆ. ಹೀಗಿರುವಾಗ ಯಾರು ಮೈದಾನಕ್ಕೆ ಹೋಗುತ್ತಾರೆ? ಒಂದು ಸುತ್ತು, ಎರಡು ಸುತ್ತು, ಮೂರನೇ ಸುತ್ತು ಹಾಕಿ ರಸ್ತೆಯಲ್ಲೇ ಸಂದಿ ಹುಡುಕುತ್ತಾರೆ. ಆ ಸುತ್ತು ಹಾಕುವ ಗಾಡಿಗಳೇ ಅರ್ಧ ಟ್ರಾಫಿಕ್ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ನೋಡಿ. ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿ ಶಟರ್ ಏಳುವಾಗ ರಸ್ತೆ ಬದಿಯ ಸಾಲು ನೋಡಿ. ಗಿರಾಕಿ ಇನ್ನೂ ಬಂದಿರುವುದಿಲ್ಲ, ಸಾಲು ಮಾತ್ರ ಆಗಲೇ ಅರ್ಧ ತುಂಬಿರುತ್ತದೆ. ಸೀಟಿನ ಮೇಲೆ ಬಿಸಿಲಿಗೆ ಅಂತ ರಟ್ಟು ಹಾಕಿಟ್ಟ ಸ್ಕೂಟರ್, ಹ್ಯಾಂಡಲ್ ಲಾಕ್ ಮಾಡಿದ ಬೈಕ್. ರಾತ್ರಿ ಎಂಟರ ತನಕ ಅವು ಅಲ್ಲಾಡುವುದಿಲ್ಲ. ಒಬ್ಬ ಗಿರಾಕಿ ಸರಾಸರಿ 40 ನಿಮಿಷ ನಿಂತರೆ, ಆ ಒಂದು ಸ್ಕೂಟರ್ ಜಾಗದಲ್ಲಿ ಹತ್ತು ಗಂಟೆಯಲ್ಲಿ 15 ಗಿರಾಕಿಗಳು ಬಂದು ಹೋಗಬಹುದು. 15 ಜನರ ಜಾಗವನ್ನು ಒಂದು ಗಾಡಿ ತಿನ್ನುತ್ತಿದೆ, ಅದೂ ಬಿಟ್ಟಿ.

ನನ್ನ ಮಾತು ಇಷ್ಟೇ. ರಸ್ತೆ ಬದಿ ಯಾವಾಗಲೂ ಮೈದಾನಕ್ಕಿಂತ ದುಬಾರಿ ಇರಬೇಕು. ಮೈದಾನದಲ್ಲಿ ಮೊದಲ ಒಂದು ಗಂಟೆ ಯಾರಿಗೂ ಭಾರ ಅನ್ನಿಸಬಾರದು. ಹೊತ್ತು ಹೆಚ್ಚಿದಂತೆ ದರ ಏರಬೇಕು. ವ್ಯಾಪಾರಿಗಳು, ಹೊರಗಿನಿಂದ ಬರುವವರು, ಅಂಗಡಿ ಕೆಲಸದವರು, ಎಲ್ಲರೂ ಹೇಳಿ. ನಿಮ್ಮ ಮಾತು ಸೇರಿಸಿ ಪಾಲಿಕೆಗೆ ಒಂದು ಅರ್ಜಿ ಕೊಡೋಣ ಅಂತ ಇದ್ದೇನೆ.

ಬಟ್ಟೆ ವ್ಯಾಪಾರಿ, ಖಡೇಬಜಾರ್

ನಿಮ್ಮ 15 ಗಿರಾಕಿ ಲೆಕ್ಕ ತರಕಾರಿ, ಔಷಧಿ, ಮೊಬೈಲ್ ಕವರ್ ಮಾರುವವರಿಗೆ ಸರಿ. ನಮ್ಮದು ಹಾಗಲ್ಲ. ಲಗ್ನದ ಜವಳಿಗೆ ಬರುವವರು ಒಬ್ಬಿಬ್ಬರು ಬರುವುದಿಲ್ಲ. ಖಾನಾಪುರ, ಬೈಲಹೊಂಗಲ, ಚಂದಗಡ ಕಡೆಯಿಂದ ಒಂದು ಕ್ರೂಸರ್ ತುಂಬಾ ಜನ ಬರುತ್ತಾರೆ. ಮೊದಲು ಶಹಾಪುರದಲ್ಲಿ ಸೀರೆ ನೋಡುತ್ತಾರೆ, ಆಮೇಲೆ ನಮ್ಮ ಕಡೆ ಬರುತ್ತಾರೆ, ನಡುವೆ ಊಟ, ಮತ್ತೆ ಬಂಗಾರದ ಅಂಗಡಿ. ಅರ್ಧ ದಿನ ಹೋಗುತ್ತದೆ. ಹೊತ್ತು ಹೆಚ್ಚಿದಂತೆ ದರ ಏರಿದರೆ ಹೆಚ್ಚು ಖರ್ಚು ಮಾಡುವ ಗಿರಾಕಿಗೇ ದಂಡ ಹಾಕಿದ ಹಾಗೆ ಆಗುತ್ತದೆ.

ಹೊರವಲಯದ ದೊಡ್ಡ ಅಂಗಡಿಗಳಲ್ಲಿ ಪಾರ್ಕಿಂಗ್ ಉಚಿತ, ಸೆಕ್ಯುರಿಟಿಯವರು ನಿಂತು ಗಾಡಿ ಹಚ್ಚಿಸುತ್ತಾರೆ. ನಮ್ಮ ಪೈಪೋಟಿ ಅವರ ಜೊತೆ. ಕೊಲ್ಹಾಪುರ, ಹುಬ್ಬಳ್ಳಿ ಜೊತೆಗೂ ಇದೆ. ಮೊಬೈಲ್‌ನಲ್ಲಿ ಕೂತಲ್ಲೇ ಸೀರೆ ತರಿಸುವವರು ಬೇರೆ. ದರ ಇಡುವಾಗ ಇದನ್ನೆಲ್ಲ ನೋಡಲೇಬೇಕು. ಗಿರಾಕಿ ಒಮ್ಮೆ ಬೇರೆ ದಾರಿ ಹಿಡಿದರೆ ತಿರುಗಿ ಬರುವುದು ಕಷ್ಟ.

ಕಾಲೇಜು ರಸ್ತೆ

ನಾವು ಗಾಡಿ ತಗೊಳ್ಳುವಾಗಲೇ ರಸ್ತೆ ತೆರಿಗೆ ಕಟ್ಟಿದ್ದೇವೆ. ಮತ್ತೆ ನಿಲ್ಲಿಸೋದಕ್ಕೂ ದುಡ್ಡು ಯಾಕೆ? ಎಲ್ಲಾ ಕಡೆ ಉಚಿತ ಮಾಡಲಿ.

ನಗರ ಯೋಜನೆ ವಿದ್ಯಾರ್ಥಿನಿ

ಈ ಮಾತು ಬಹಳ ಜನ ಹೇಳುತ್ತಾರೆ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ನಾವು ಕಟ್ಟುವ ಆಜೀವ ತೆರಿಗೆ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಅದು ರಸ್ತೆಯಲ್ಲಿ ಓಡಾಡುವುದಕ್ಕೆ. ಪೇಟೆ ನಡುವಿನ ಜಾಗವನ್ನು ದಿನವಿಡೀ ಹಿಡಿದಿಟ್ಟುಕೊಳ್ಳುವುದಕ್ಕೆ ಅಲ್ಲ.

ಜಾಗದ ಲೆಕ್ಕ ನೋಡಿ. ಒಂದು ಕಾರು ನಿಲ್ಲುವ ಗುರುತು 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್. ಒಳಗೆ ಬರುವ, ತಿರುಗಿಸುವ ದಾರಿ ಸೇರಿಸಿ ಬಯಲು ಪಾರ್ಕಿಂಗ್‌ನಲ್ಲಿ ಒಂದು ಕಾರಿಗೆ 23 ಚದರ ಮೀಟರ್ ಹಿಡಿಯುವುದು ರೂಢಿ. ನೆಲಮಾಳಿಗೆಯಲ್ಲಾದರೆ 32. ಅಂದರೆ 100 ಕಾರಿಗೆ ಸುಮಾರು 23 ಗುಂಟೆ ಜಾಗ ಬೇಕು. ರಾಮಲಿಂಗಖಿಂಡ ಗಲ್ಲಿ ಹತ್ತಿರ 23 ಗುಂಟೆಗೆ ಏನು ಬೆಲೆ ಅಂತ ನಿಮಗೇ ಗೊತ್ತು. ಉಚಿತ ಅಂದರೆ ಅದರ ಖರ್ಚು ಊರಿನ ಎಲ್ಲರ ತಲೆ ಮೇಲೆ ಬಂತು ಅಂತ ಅರ್ಥ. ನಡೆದು ಬರುವವರ ಮೇಲೂ, ಬಸ್ಸಿನಲ್ಲಿ ಬರುವವರ ಮೇಲೂ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೂ ಇದೇ ಇದೆ: ಪಾರ್ಕಿಂಗ್ ಶುಲ್ಕ ಆ ಜಾಗದ ನಿಜವಾದ ಬೆಲೆಗೆ ತಕ್ಕ ಹಾಗೆ ಇರಬೇಕು, ಅದರಿಂದ ಜನ ಸಾರ್ವಜನಿಕ ಸಾರಿಗೆಯ ಕಡೆ ಒಲಿಯುವಂತೆ ಆಗಬೇಕು.

ಹಾಗಂತ ದರ ಏರಿಸುತ್ತಲೇ ಹೋಗಬೇಕು ಅಂತಲ್ಲ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಜೀವನಪೂರ್ತಿ ಇದನ್ನೇ ಅಧ್ಯಯನ ಮಾಡಿದರು. ಪ್ರತಿ ಬೀದಿಯಲ್ಲಿ ಯಾವಾಗಲೂ ಒಂದೆರಡು ಜಾಗ ಖಾಲಿ ಸಿಗಬೇಕು, ಅಷ್ಟು ದರ ಸಾಕು ಅಂತ ಅವರ ವಾದ. 100ರಲ್ಲಿ ಸುಮಾರು 85 ಜಾಗ ತುಂಬಿದ್ದರೆ ದರ ಸರಿ ಇದೆ. ಪೂರ್ತಿ ತುಂಬಿದ್ದರೆ ಕಡಿಮೆ ಆಯಿತು. ಅರ್ಧ ಖಾಲಿ ಇದ್ದರೆ ಜಾಸ್ತಿ ಆಯಿತು.

ಸ್ಯಾನ್ ಫ್ರಾನ್ಸಿಸ್ಕೋ ನಗರ 2011ರಲ್ಲಿ ಇದನ್ನು ಮಾಡಿ ನೋಡಿತು. ಶೇ. 80ಕ್ಕಿಂತ ಜಾಸ್ತಿ ತುಂಬಿದ ಬೀದಿಯಲ್ಲಿ ಗಂಟೆಗೆ 25 ಸೆಂಟ್ ಏರಿಸಿದರು. ಶೇ. 60ಕ್ಕಿಂತ ಕಡಿಮೆ ಇದ್ದಲ್ಲಿ ಇಳಿಸಿದರು. ಕೊನೆಗೆ ಏನಾಯಿತು ಅಂದರೆ ಸರಾಸರಿ ದರ ಇಳಿಯಿತು. ಪಾರ್ಕಿಂಗ್ ಕಟ್ಟಡಗಳಲ್ಲಿ ಇನ್ನೂ ಜಾಸ್ತಿ ಇಳಿಯಿತು. ಯಾಕೆಂದರೆ ಜನ ಬಳಸದ ಜಾಗದಲ್ಲಿ ಸುಮ್ನೆ ದೊಡ್ಡ ದರ ಇಟ್ಟುಕೊಂಡು ಕೂತಿದ್ದರು. ಸೆನ್ಸರ್, ಆ್ಯಪ್ ಎಲ್ಲಾ ನಮಗೆ ಈಗಲೇ ಬೇಕಾಗಿಲ್ಲ. ವಾರದಲ್ಲಿ ಎರಡು ದಿನ ಒಬ್ಬರು ನೋಟ್‌ಬುಕ್ ಹಿಡಿದು ಎಣಿಸಿದರೂ ಸಾಕಷ್ಟು ಗೊತ್ತಾಗುತ್ತದೆ.

ಕಾಲೇಜು ರಸ್ತೆ

ಸರಿ, ಒಪ್ಪಿದೆ. ಆದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದೇ ನನ್ನ ಸಿಟ್ಟು. ಚೀಟಿಯಲ್ಲಿ ಒಂದು ದರ, ಕೈ ಚಾಚಿ ಕೇಳುವುದು ಇನ್ನೊಂದು.

ಹಿಂದೆ ಚೀಟಿ ಹರಿಯುತ್ತಿದ್ದವನು

ನಾನು ಕೆಲವು ವರ್ಷ ಪಾರ್ಕಿಂಗ್ ವಸೂಲಿ ಕೆಲಸ ಮಾಡಿದ್ದೇನೆ. ಯಾವ ಜಾಗ, ಯಾರ ಕೈ ಕೆಳಗೆ ಅಂತ ಹೇಳುವುದಿಲ್ಲ. ಒಳಗಿನ ಲೆಕ್ಕ ಮಾತ್ರ ಹೇಳುತ್ತೇನೆ.

ಜಾಗವನ್ನು ಹರಾಜು ಹಾಕುತ್ತಾರೆ. ಯಾರು ಜಾಸ್ತಿ ಕೂಗಿದರೋ ಅವರಿಗೆ ಗುತ್ತಿಗೆ. ಜಾಸ್ತಿ ಕೂಗಿದವನು ಆ ದುಡ್ಡು ವಾಪಸ್ ಎತ್ತಬೇಕು. ಹಾಗಾಗಿ ಬೆಳಿಗ್ಗೆ ನಮಗೆ ಹೇಳುತ್ತಿದ್ದ ಮೊದಲ ಮಾತು: ಇವತ್ತು ಇಷ್ಟು ಆಗಬೇಕು. ಆಗದಿದ್ದರೆ ನಮ್ಮ ಪಗಾರದಲ್ಲಿ ಕಡಿತ. ಆಗ ನಾವು ಏನು ಮಾಡುತ್ತೇವೆ ಹೇಳಿ. ಗೋವಾ ನಂಬರಿನ ಕಾರು ಬಂದರೆ ಜಾಸ್ತಿ ಕೇಳುತ್ತೇವೆ. ದಾರಿಗೆ ಬಿಡಬೇಕಾದ ಜಾಗದಲ್ಲೂ ಬೈಕ್ ತುರುಕುತ್ತೇವೆ. ಸಂಜೆ ಗದ್ದಲದಲ್ಲಿ ಚೀಟಿ ಕೊಡದೆ ದುಡ್ಡು ತಗೊಳ್ಳುತ್ತೇವೆ.

ಚೀಟಿ ಪುಸ್ತಕ ಹೇಗಿತ್ತು ಗೊತ್ತಾ? ಬೆರಳಗಲದ ಗುಲಾಬಿ ಹಾಳೆ. ಮೇಲೆ ಸೀಲು, ಅದೂ ಅರ್ಧ ಮಸುಕು. ಗಾಡಿ ನಂಬರಿಗೆ ಒಂದು ಗೆರೆ. ಬಂದ ಸಮಯ ಬರೆಯಲು ಜಾಗವೇ ಇಲ್ಲ. ಸಮಯ ಇಲ್ಲದ ಚೀಟಿಯಲ್ಲಿ ಗಂಟೆ ಲೆಕ್ಕದ ದರ ಹೇಗೆ ಹಿಡಿಯುತ್ತೀರಿ? ಹತ್ತು ನಿಮಿಷ ನಿಂತವನಿಗೂ ಹತ್ತು ಗಂಟೆ ನಿಂತವನಿಗೂ ಒಂದೇ ದರ ಬಂದಿದ್ದು ಹೀಗೆ. ಯಾರೋ ಕೂತು ತೀರ್ಮಾನ ಮಾಡಿದ್ದಲ್ಲ, ಚೀಟಿಯಲ್ಲಿ ಜಾಗ ಇರಲಿಲ್ಲ ಅಷ್ಟೇ.

ಅದಕ್ಕೆ ನನ್ನ ಸಲಹೆ: ದರ ಎಷ್ಟು ಅಂತ ಜಗಳ ಆಡುವ ಮುಂಚೆ ಗುತ್ತಿಗೆಯ ರೀತಿ ಬದಲಾಗಲಿ. ಜಾಗ ನೋಡಿಕೊಳ್ಳುವುದಕ್ಕೆ ಗುತ್ತಿಗೆದಾರನಿಗೆ ತಿಂಗಳಿಗೆ ಇಷ್ಟು ಅಂತ ಕೊಡಲಿ. ವಸೂಲಾದ ದುಡ್ಡು ಕ್ಯೂಆರ್ ಮೂಲಕ ನೇರವಾಗಿ ಪಾಲಿಕೆ ಖಾತೆಗೆ ಹೋಗಲಿ. ನಗದು ಕೊಟ್ಟವರಿಗೆ ಕೈ ಮಷಿನ್‌ನಲ್ಲಿ ಸಮಯ ಇರುವ ರಸೀದಿ ಬರಲಿ. ಬಸ್ ಕಂಡಕ್ಟರ್ ಹತ್ತಿರ ಇರುವಂಥ ಮಷಿನ್ ಸಾಕು. ಆಗ ಜಾಸ್ತಿ ಕೇಳಿ ನನಗೇನು ಲಾಭ? ಯಾರೂ ಕೇಳುವುದಿಲ್ಲ.

ವಕೀಲಿ ಮಾಡುವವರು, ಟಿಳಕವಾಡಿ

ಮೇಲಿನ ಬರಹ ಓದಿ ಮನಸ್ಸಿಗೆ ನಾಟಿತು. ಎರಡು ವಿಷಯ ಸೇರಿಸುತ್ತೇನೆ.

ಚೀಟಿಯ ಮೇಲೆ ವಾಹನಕ್ಕೆ ಮಾಲೀಕರೇ ಹೊಣೆ ಅಂತ ಅಚ್ಚು ಹಾಕಿರುತ್ತಾರೆ. ಅಷ್ಟು ಬರೆದರೆ ಎಲ್ಲಾ ಮುಗಿಯಿತು ಅಂತ ಜನ ನಂಬಿದ್ದಾರೆ. ದೆಹಲಿಯ ಒಂದು ದೊಡ್ಡ ಹೋಟೆಲಿನಲ್ಲಿ 1998ರಲ್ಲಿ ಸಿಬ್ಬಂದಿ ಕೈಗೆ ಕೊಟ್ಟ ಕಾರು ಕಳುವಾಯಿತು. ಆ ಪ್ರಕರಣ 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಯಿತು. ಚೀಟಿಯಲ್ಲಿ ಹಾಗೆ ಬರೆದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ನ್ಯಾಯಾಲಯ ಹೇಳಿತು. ಅದು ಕೀಲಿ ಕೊಟ್ಟ ಪ್ರಕರಣ. ನಮ್ಮ ಮೈದಾನಗಳಲ್ಲಿ ಕೀಲಿ ನಮ್ಮ ಜೇಬಿನಲ್ಲೇ ಇರುತ್ತದೆ, ಹಾಗಾಗಿ ಅದನ್ನೇ ನೇರವಾಗಿ ಇಲ್ಲಿಗೆ ಹಚ್ಚಲು ಬರುವುದಿಲ್ಲ. ಆದರೂ ದುಡ್ಡು ತಗೊಂಡ ಮೇಲೆ ಒಬ್ಬ ಕಾವಲುಗಾರ, ದೀಪ, ಕ್ಯಾಮೆರಾ ಇಷ್ಟಾದರೂ ಕೇಳುವ ಹಕ್ಕು ನಮಗಿದೆ. ಗುತ್ತಿಗೆಯ ಷರತ್ತಿನಲ್ಲೇ ಅದನ್ನು ಬರೆಸಬೇಕು.

ಎರಡನೆಯದು, ಪಾರ್ಕಿಂಗ್ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದ ಗುತ್ತಿಗೆದಾರ ನೋಂದಣಿ ಮಾಡಿಸಲೇಬೇಕು. ಬೋರ್ಡಿನಲ್ಲಿ ಬರೆದ ದರ ತೆರಿಗೆ ಸೇರಿದ ದರವೇ ಆಗಿರಲಿ. ಹತ್ತು ರೂಪಾಯಿ ಅಂತ ಬರೆದು ಹನ್ನೆರಡು ಕೇಳುವ ಜಗಳವೇ ಬೇಡ. ಗುತ್ತಿಗೆ ಪತ್ರದ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದ ಒಳಗೆ ಉತ್ತರ ಕೊಡಬೇಕು. ಆ ಅರ್ಜಿ ನಾನೇ ಬರೆದುಕೊಡುತ್ತೇನೆ.

ಅಂಗಡಿ ಕೆಲಸದಾಕೆ

ಎಲ್ಲರೂ ದಿನವಿಡೀ ನಿಲ್ಲುವ ಸ್ಕೂಟರ್ ಬಗ್ಗೆ ಬರೆಯುತ್ತಿದ್ದೀರಿ. ಅದರಲ್ಲಿ ನನ್ನದೂ ಒಂದು. ನಾನು ಕಣಬರ್ಗಿ ಕಡೆಯಿಂದ ಬರುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ನಮಗೆ ಉಚಿತ, ಬೆಳಿಗ್ಗೆ ಅದರಲ್ಲೇ ಬರಬಹುದು. ಆದರೆ ಅಂಗಡಿ ಮುಚ್ಚಿ ಲೆಕ್ಕ ಮುಗಿಸುವಾಗ ರಾತ್ರಿ ಒಂಬತ್ತು ದಾಟುತ್ತದೆ. ಆ ಹೊತ್ತಿಗೆ ಬಸ್ ಸಿಗುತ್ತದೆ ಅಂತ ನಂಬಿ ನಿಲ್ಲುವುದು ಒಬ್ಬ ಹೆಣ್ಣುಮಗಳಿಗೆ ಸುಲಭ ಅಲ್ಲ. ಅದಕ್ಕೇ ಸ್ಕೂಟರ್.

ಗಂಟೆಗೆ ಐದು ರೂಪಾಯಿ ಅಂದರೆ ನನಗೆ ದಿನಕ್ಕೆ 50, ತಿಂಗಳಿಗೆ 26 ದಿನ ಹಿಡಿದರೆ 1,300. ನನ್ನ ಪಗಾರದಲ್ಲಿ ಅದು ಸಣ್ಣ ಮೊತ್ತ ಅಲ್ಲ. ದೂರದ ಮೈದಾನದಲ್ಲಿ ನಿಲ್ಲಿಸಲು ನನ್ನ ಅಭ್ಯಂತರ ಏನೂ ಇಲ್ಲ, ಹತ್ತು ನಿಮಿಷ ನಡೆಯುತ್ತೇನೆ. ತಿಂಗಳ ಪಾಸ್ ಕೊಡಿ. ರಾತ್ರಿ ಅಲ್ಲಿ ದೀಪ ಉರಿಯಲಿ. ಅಷ್ಟಾದರೆ ಖಡೇಬಜಾರ್‌ನಲ್ಲಿ ಕೆಲಸ ಮಾಡುವ ನಮ್ಮಂಥ ಎಷ್ಟೋ ಜನ ರಸ್ತೆ ಬಿಟ್ಟುಕೊಡುತ್ತೇವೆ.

ಅನಗೋಳದ ನಿವಾಸಿ

ಈ ಮಾತು ಬರಬೇಕಿತ್ತು, ಬಂತು. ಧನ್ಯವಾದ. ಪಾಸ್ ಇಲ್ಲದೆ ಗಂಟೆ ದರ ತಂದರೆ ಅನ್ಯಾಯ ಆಗುವುದು ಇಂಥವರಿಗೇ. ಅರ್ಜಿಯಲ್ಲಿ ಇದನ್ನು ಮೊದಲನೇ ಪುಟದಲ್ಲೇ ಬರೆಯುತ್ತೇನೆ: ಪೇಟೆ ಅಂಚಿನ ಮೈದಾನದಲ್ಲಿ ದ್ವಿಚಕ್ರ ವಾಹನಕ್ಕೆ ತಿಂಗಳ ಪಾಸ್, ಪೇಟೆಯಲ್ಲಿ ಕೆಲಸ ಮಾಡುವ ಯಾರಿಗೇ ಆಗಲಿ.

ಬಟ್ಟೆ ವ್ಯಾಪಾರಿ, ಖಡೇಬಜಾರ್

ಆ ಪಾಸಿನ ಅರ್ಧ ದುಡ್ಡು ಅಂಗಡಿಯವರು ಕೊಡಬೇಕು ಅಂತ ನಾನು ನಮ್ಮ ಗಲ್ಲಿಯವರ ಮುಂದೆ ಇಡುತ್ತೇನೆ. ಬಾಗಿಲು ಎದುರು ಜಾಗ ತೆರವಾದರೆ ಲಾಭ ನಮಗೇ.

ಜವಳಿ ಗಿರಾಕಿಗೂ ಒಂದು ದಾರಿ ಹೇಳುತ್ತೇನೆ. ರಸ್ತೆಯಲ್ಲಿ ಹೊತ್ತಿಗೆ ತಕ್ಕ ಹಾಗೆ ದರ ಏರಲಿ, ನನ್ನ ತಕರಾರಿಲ್ಲ. ಆದರೆ ಮೈದಾನದಲ್ಲಿ ಒಂದು ದಿನದ ಮಿತಿ ಇರಲಿ, ಅದರ ಮೇಲೆ ಒಂದು ಪೈಸೆ ಏರಬಾರದು. ಇಷ್ಟು ಮೊತ್ತದ ಖರೀದಿ ಮಾಡಿದವರ ಪಾರ್ಕಿಂಗ್ ರಸೀದಿಗೆ ನಾವು ಸೀಲು ಹಾಕಿ ಪಾರ್ಕಿಂಗ್ ದುಡ್ಡು ಬಿಲ್ಲಿನಲ್ಲಿ ಕಳೆದುಕೊಡುತ್ತೇವೆ. ಹೊರವಲಯದ ಅಂಗಡಿಗಳ ಉಚಿತ ಪಾರ್ಕಿಂಗ್‌ಗೆ ಇದೇ ನಮ್ಮ ಉತ್ತರ. ಹಳ್ಳಿಯಿಂದ ಬಂದ ಗಿರಾಕಿಗೆ ಇಪ್ಪತ್ತು ರೂಪಾಯಿಗಿಂತ ಮರ್ಯಾದೆ ದೊಡ್ಡದು.

ಒಂದು ಷರತ್ತು ಮಾತ್ರ ಬಿಡುವುದಿಲ್ಲ. ನಮ್ಮ ಗಲ್ಲಿಯಲ್ಲಿ ಎತ್ತಿದ ದುಡ್ಡು ನಮ್ಮ ಗಲ್ಲಿಯಲ್ಲಿ ಕಾಣಬೇಕು. ಗಟಾರು, ಫುಟ್‌ಪಾತ್, ಒಂದು ಸ್ವಚ್ಛ ಶೌಚಾಲಯ. ಸೀರೆ ಆರಿಸಲು ಬಂದ ಹೆಣ್ಣುಮಕ್ಕಳು ನಾಲ್ಕು ತಾಸು ಎಲ್ಲಿಗೆ ಹೋಗಬೇಕು?

ನಗರ ಯೋಜನೆ ವಿದ್ಯಾರ್ಥಿನಿ

ನಿಮ್ಮ ಷರತ್ತು ಬೇರೆ ಕಡೆ ಆಗಲೇ ಕೆಲಸ ಮಾಡಿದೆ. ಅಮೆರಿಕದ ಪ್ಯಾಸಡೀನಾ ಊರಿನ ಹಳೇ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕಲು ಹೊರಟಾಗ ವ್ಯಾಪಾರಿಗಳು ವಿರೋಧ ಮಾಡಿದರು. ಅಲ್ಲೂ ಅಂಗಡಿ ಕೆಲಸದವರ ಗಾಡಿಗಳೇ ರಸ್ತೆ ತುಂಬಿರುತ್ತಿದ್ದವು. ಮೀಟರ್ ದುಡ್ಡು ಅದೇ ಬೀದಿಗಳಿಗೆ ಖರ್ಚಾಗುತ್ತದೆ ಅಂತ ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. ಫುಟ್‌ಪಾತ್, ದೀಪ, ಮರ, ಬೆಂಚು ಎಲ್ಲಾ ಆ ಹಣದಲ್ಲೇ ಆದವು, ಪಾಳು ಬಿದ್ದಿದ್ದ ಪೇಟೆಗೆ ಜನ ಮತ್ತೆ ಬಂದರು.

ಲಂಡನ್ನಿನಲ್ಲಿ ಇದರ ಇನ್ನೊಂದು ಮುಖ ಇದೆ. ಬಾರ್ನೆಟ್ ಎಂಬ ಭಾಗದ ಸ್ಥಳೀಯ ಆಡಳಿತ ನಿವಾಸಿಗಳ ಪಾರ್ಕಿಂಗ್ ಪರವಾನಗಿ ದರವನ್ನು 40 ಪೌಂಡ್‌ನಿಂದ 100 ಪೌಂಡ್‌ಗೆ ಏರಿಸಿತ್ತು. ಒಬ್ಬ ನಿವಾಸಿ ಕೋರ್ಟಿಗೆ ಹೋದರು. ಬೇರೆ ಖರ್ಚಿಗೆ ಹಣ ಎತ್ತುವುದಕ್ಕಾಗಿ ಪಾರ್ಕಿಂಗ್ ದರ ಏರಿಸುವಂತಿಲ್ಲ ಅಂತ 2013ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಅದು ಅವರ ಕಾನೂನು, ನಮ್ಮದಲ್ಲ. ಆದರೆ ದರ ನ್ಯಾಯವಾಗಿದೆಯಾ ಅಂತ ಕೇಳುವಾಗ ಯಾವ ಉದ್ದೇಶಕ್ಕೆ ಏರಿಸಿದರು ಅಂತಲೂ ಕೇಳಬೇಕು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ.

ಖಾನಾಪುರದಿಂದ

ನಾವು ಹೊರಗಿನಿಂದ ಬರುವವರು. ನಮಗೆ ದರಕ್ಕಿಂತ ಜಾಸ್ತಿ ಕಾಡುವುದು ಗೊತ್ತಾಗದಿರುವುದು. ಮೈದಾನ ಎಲ್ಲಿದೆ, ಎಷ್ಟು, ತುಂಬಿದೆಯಾ, ಯಾವ ರಸ್ತೆ ಏಕಮುಖ, ಇವತ್ತು ಯಾವ ಬದಿ ನಿಲ್ಲಿಸಬೇಕು, ಒಂದೂ ಗೊತ್ತಾಗುವುದಿಲ್ಲ. ಟೋಯಿಂಗ್ ಗಾಡಿ ಮಾತ್ರ ಸರಿಯಾಗಿ ಬರುತ್ತದೆ. ರೈಲ್ವೆ ಗೇಟ್ ದಾಟುವಾಗಲೇ ಒಂದು ಬೋರ್ಡ್ ಹಾಕಿ: ಪಾರ್ಕಿಂಗ್ ಈ ಕಡೆ, ಮೊದಲ ಗಂಟೆ ಇಷ್ಟು, ಇಡೀ ದಿನ ಇಷ್ಟು. ಕ್ಯಾಂಪ್ ಭಾಗ ಕಂಟೋನ್ಮೆಂಟ್ ಬೋರ್ಡಿಗೆ ಸೇರಿದ್ದು, ಪೇಟೆ ಪಾಲಿಕೆಗೆ ಸೇರಿದ್ದು ಅಂತ ಊರವರಿಗೆ ಗೊತ್ತು. ನಮಗೆ ಎಲ್ಲವೂ ಬೆಳಗಾವಿಯೇ. ಇಬ್ಬರೂ ಕೂತು ಒಂದೇ ಥರದ ದರ, ಒಂದೇ ಥರದ ಬೋರ್ಡ್ ಮಾಡಲಿ.

ಶಹಾಪುರದ ಓದುಗ

ಜಿಲ್ಲಾ ಆಸ್ಪತ್ರೆ ಸುತ್ತಮುತ್ತಲಿನ ಜಾಗವನ್ನು ಈ ಲೆಕ್ಕದಿಂದ ಹೊರಗಿಡಿ, ದಯವಿಟ್ಟು. ರೋಗಿ ಜೊತೆ ಬಂದವರು ಹೊತ್ತು ನೋಡಿಕೊಂಡು ಹೊರಡಲು ಆಗುವುದಿಲ್ಲ. ಅಲ್ಲಿ ಗಂಟೆ ದರ ಕ್ರೂರ ಆಗುತ್ತದೆ. ದಿನಕ್ಕೆ ಒಂದೇ ಸಣ್ಣ ದರ, ಅಂಗವಿಕಲರಿಗೆ ಬಾಗಿಲ ಹತ್ತಿರ ಮೀಸಲು ಜಾಗ.

ಅನಗೋಳದ ನಿವಾಸಿ

ಆಸ್ಪತ್ರೆಯ ಮಾತಿಗೆ ಎರಡನೇ ಮಾತಿಲ್ಲ, ಸೇರಿಸಿದೆ.

ಅರ್ಜಿಯಲ್ಲಿ ಅಂಕಿ ಇಲ್ಲದಿದ್ದರೆ ಯಾರೂ ಓದುವುದಿಲ್ಲ, ಹಾಗಾಗಿ ಒಂದು ಪ್ರಯೋಗದ ದರ ಇಡುತ್ತಿದ್ದೇನೆ. ಮೈದಾನದಲ್ಲಿ ಬೈಕಿಗೆ ಮೊದಲ ಎರಡು ಗಂಟೆಗೆ 5 ರೂಪಾಯಿ, ಇಡೀ ದಿನಕ್ಕೆ 15. ಕಾರಿಗೆ ಮೊದಲ ಗಂಟೆ 10, ಆಮೇಲೆ ಗಂಟೆಗೆ 10, ಇಡೀ ದಿನಕ್ಕೆ 50ರ ಮಿತಿ. ಗಣಪತಿ ಗಲ್ಲಿಯಂಥ ರಸ್ತೆಯ ಬದಿಯಲ್ಲಿ ಮೊದಲ 15 ನಿಮಿಷ ಉಚಿತ, ಆಮೇಲೆ ಬೈಕಿಗೆ ಗಂಟೆಗೆ 10, ಕಾರಿಗೆ 30, ದಿನದ ಮಿತಿ ಇಲ್ಲ. ತಿಂಗಳ ಪಾಸ್ 200 ರೂಪಾಯಿ. ಮೂರು ತಿಂಗಳು ನೋಡಿ, ಎಣಿಸಿ, ಮೈದಾನ ಖಾಲಿ ಉಳಿದರೆ ಇಳಿಸಲಿ. ಇಳಿಸುವ ನಿಯಮವೂ ಆದೇಶದಲ್ಲೇ ಇರಬೇಕು. ಏರಿಸುವುದು ಮಾತ್ರ ಬರೆದರೆ ಜನ ನಂಬುವುದಿಲ್ಲ.

ಪಾಲಿಕೆಗೆ ಹೋಗುವ ಮುಂಚೆ ನಮ್ಮ ಕೈಯಲ್ಲೂ ಒಂದು ಎಣಿಕೆ ಇರಲಿ. ಬರುವ ಬುಧವಾರ ಒಂದು, ಶನಿವಾರ ಒಂದು. ಬೆಳಿಗ್ಗೆ 11, ಮಧ್ಯಾಹ್ನ 3, ಸಂಜೆ 7ಕ್ಕೆ. ಎಷ್ಟು ಜಾಗ, ಎಷ್ಟು ತುಂಬಿದೆ, 11ಕ್ಕೆ ಇದ್ದ ಗಾಡಿಗಳಲ್ಲಿ 7ಕ್ಕೂ ಎಷ್ಟು ಇವೆ. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಬರೆದುಕೊಳ್ಳಿ, ಪೂರ್ತಿ ನಂಬರ್ ಬೇಡ, ಫೋಟೋ ಬೇಡ. ಯಾರು ಯಾವ ಗಲ್ಲಿ?

ಬಟ್ಟೆ ವ್ಯಾಪಾರಿ, ಖಡೇಬಜಾರ್

‘ಶನಿವಾರ ಖೂಟ’ ಅನ್ನುವ ಜಾಗದಿಂದ ನಮ್ಮ ಅಂಗಡಿ ತನಕ ನಾನು.

ಹಿಂದೆ ಚೀಟಿ ಹರಿಯುತ್ತಿದ್ದವನು

ಮೈದಾನಗಳು ನನಗಿರಲಿ. ಸಾಲು ನೋಡಿದರೆ ಎಷ್ಟು ಗಾಡಿ ಅಂತ ಹೇಳುತ್ತೇನೆ, ಆದರೂ ಈ ಸಲ ಒಂದೊಂದೇ ಎಣಿಸುತ್ತೇನೆ.

ಕಾಲೇಜು ರಸ್ತೆ

ಗಣಪತಿ ಗಲ್ಲಿ ನಾನು ಮಾಡುತ್ತೇನೆ. ಬುಧವಾರ ಮಧ್ಯಾಹ್ನ 3ಕ್ಕೆ ಆಗುವುದಿಲ್ಲ, ಆ ಹೊತ್ತಿಗೆ ಯಾರಾದರೂ ಬರಬಹುದಾ?

ಅಂಗಡಿ ಕೆಲಸದಾಕೆ

3ಕ್ಕೆ ನನಗೆ ಊಟದ ಬಿಡುವು. ನಾನು ನೋಡುತ್ತೇನೆ.